ಇರುವ ಬ್ರೌಸರಿನಲ್ಲೇ ಮುಗಿಯುವ ಕೆಲಸಗಳು: ದಿನನಿತ್ಯದ ಅಂತರಜಾಲಕ್ಕೆ ಕೆಲವು ಉಪಾಯಗಳು

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರ ನಡುವೆ ನನ್ನ ಸಂಜೆಗಳು ಕಳೆಯುತ್ತವೆ. ಹೊಸ ಅಧಿಸೂಚನೆ ಬಂದ ದಿನ ಅವರಲ್ಲಿ ಒಬ್ಬರಾದರೂ ಮೊಬೈಲ್ ಹಿಡಿದು ಬಂದು, "ಸರ್, ನೂರಾ ಎಂಬತ್ತು ಪುಟ ಐತ್ರಿ, ಇದರಾಗ ನಮ್ಮ ಜಿಲ್ಲಾದ್ದು ಎಲ್ಲಿ ಹುಡುಕೂದು?" ಎಂದು ಕೇಳುತ್ತಾರೆ. ಊರಿನಿಂದ ಬರುವ ಹಿರಿಯರ ಪ್ರಶ್ನೆಗಳು ಬೇರೆ ತರಹದವು: ಉತಾರ (ಪಹಣಿ) ಹೇಗೆ ನೋಡುವುದು, ಫೋಟೊ ಏಕೆ ಅಪ್‌ಲೋಡ್ ಆಗುತ್ತಿಲ್ಲ, ಈ ಲಿಂಕ್ ಒತ್ತಬಹುದೇ ಎಂಬಂಥವು. ಇವುಗಳಲ್ಲಿ ಬಹುಪಾಲು ಪ್ರಶ್ನೆಗಳಿಗೆ ಹೊಸ ಆ್ಯಪ್ ಹಾಕಿಕೊಳ್ಳುವ ಅಗತ್ಯವಾಗಲಿ, ಯಾರಿಗಾದರೂ ಹಣ ಕೊಡುವ ಅಗತ್ಯವಾಗಲಿ ಇಲ್ಲ. ಈಗಾಗಲೇ ಕೈಯಲ್ಲಿರುವ ಬ್ರೌಸರಿನಲ್ಲೇ ಉತ್ತರವಿದೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಾನು ದಿನವೂ ಬಳಸುವ ಮತ್ತು ಇತರರಿಗೆ ಕಲಿಸಿಕೊಟ್ಟ ಉಪಾಯಗಳನ್ನು ಇಲ್ಲಿ ವಿವರಿಸಿದ್ದೇನೆ. ಕೀಲಿಗಳ ಹೆಸರುಗಳು ವಿಂಡೋಸ್ ಕಂಪ್ಯೂಟರಿಗೆ ಸಂಬಂಧಿಸಿದವು.

ಪುಟದೊಳಗೆ ಹುಡುಕುವುದು, ಕನ್ನಡದಲ್ಲಿ

ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಎಫ್ ಒತ್ತಿದರೆ ಒಂದು ಸಣ್ಣ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಬರೆದ ಪದ ಪುಟದಲ್ಲಿ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಬಣ್ಣ ಬಳಿದು ತೋರಿಸುತ್ತದೆ. ಮೊಬೈಲಿನ ಕ್ರೋಮ್‌ನಲ್ಲಿ ಇದೇ ಸೌಲಭ್ಯ ಮೂರು ಚುಕ್ಕೆಯ ಮೆನುವಿನಲ್ಲಿ 'ಪುಟದಲ್ಲಿ ಹುಡುಕಿ' ಎಂಬ ಹೆಸರಿನಿಂದ ಇದೆ. ಇಷ್ಟು ಅನೇಕರಿಗೆ ಗೊತ್ತು. ಆದರೆ ಕನ್ನಡದ ಪುಟದಲ್ಲಿ ಹುಡುಕುವಾಗ ನಮ್ಮ ಭಾಷೆಯ ಸ್ವಭಾವವನ್ನು ನೆನಪಿಡಬೇಕು. ನಮ್ಮಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ. 'ಹಾವೇರಿಯಲ್ಲಿ' ಎಂದು ಹುಡುಕಿದರೆ 'ಹಾವೇರಿಗೆ', 'ಹಾವೇರಿಯ' ಎಂದಿರುವ ಸಾಲುಗಳು ತಪ್ಪಿಹೋಗುತ್ತವೆ. 'ಹಾವೇರಿ' ಎಂದಷ್ಟೇ ಹುಡುಕಿದರೆ ಎಲ್ಲವೂ ಸಿಗುತ್ತವೆ. ಹಾಗೆಯೇ 'ವಿಮೆಯನ್ನು' ಎಂಬುದಕ್ಕಿಂತ 'ವಿಮೆ', 'ಅರ್ಜಿದಾರರಿಗೆ' ಎಂಬುದಕ್ಕಿಂತ 'ಅರ್ಜಿದಾರ' ಎಂದು ಬರೆಯುವುದು ಲೇಸು. ಪದದ ಬದಲಾಗದ ಭಾಗವನ್ನು ಮಾತ್ರ ಬರೆಯಬೇಕು ಎಂಬುದೇ ಇಲ್ಲಿನ ಸೂತ್ರ.

ಇಷ್ಟಾದರೂ ಕೆಲವೊಮ್ಮೆ ಕಣ್ಣೆದುರಿಗೇ ಇರುವ ಪದ 'ಇಲ್ಲ' ಎಂದು ಬರುತ್ತದೆ. ಆಗ ಆ ಕಡತ ಯಾವ ಬಗೆಯದು ಎಂದು ಪರೀಕ್ಷಿಸಬೇಕು. ಮೌಸಿನಿಂದ ಒಂದು ಸಾಲನ್ನು ಆಯ್ಕೆ ಮಾಡಲು ಪ್ರಯತ್ನಿಸಿರಿ. ಸಾಲು ಆಯ್ಕೆಯಾಗದೆ ಇಡೀ ಪುಟವೇ ಒಂದು ಚಿತ್ರದಂತೆ ವರ್ತಿಸಿದರೆ ಅದು ಕಾಗದವನ್ನು ಸ್ಕ್ಯಾನ್ ಮಾಡಿದ ಪ್ರತಿ; ಅದರಲ್ಲಿ ಅಕ್ಷರಗಳೇ ಇಲ್ಲ, ಅಕ್ಷರಗಳ ಫೋಟೊ ಮಾತ್ರ ಇದೆ. ಸಾಲು ಆಯ್ಕೆಯಾಗಿ, ನಕಲು ಮಾಡಿ ಬೇರೆಡೆ ಅಂಟಿಸಿದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳ ರಾಶಿ ಬಂದರೆ ಅದು 'ನುಡಿ' ಅಥವಾ 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತ.

ಈ ಎರಡನೆಯ ತೊಡಕಿಗೆ ಕಾರಣವನ್ನು ತಿಳಿದುಕೊಂಡರೆ ಪರಿಹಾರ ಸುಲಭವಾಗುತ್ತದೆ. ಯುನಿಕೋಡ್ ವ್ಯಾಪಕವಾಗುವ ಮುನ್ನ ಕನ್ನಡದ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಕಣ್ಣಿಗೆ 'ಗದಗ' ಎಂದು ಕಂಡರೂ ಕಂಪ್ಯೂಟರಿನ ಪಾಲಿಗೆ ಅದು ಯಾವುದೋ ರೋಮನ್ ಅಕ್ಷರಗಳ ಜೋಡಣೆ. ಯುನಿಕೋಡ್‌ನಲ್ಲಿ ಹಾಗಲ್ಲ, ಅಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಅದರದೇ ಸಂಕೇತವಿದೆ, ಆದ್ದರಿಂದಲೇ ಹುಡುಕಾಟ, ಅನುವಾದ, ಗಟ್ಟಿಯಾಗಿ ಓದಿಸುವುದು ಎಲ್ಲವೂ ಸಾಧ್ಯವಾಗುತ್ತವೆ. ಸರ್ಕಾರಿ ಕಚೇರಿಗಳಲ್ಲಿಯೂ ಗದಗ, ಹುಬ್ಬಳ್ಳಿಯ ಮುದ್ರಣಾಲಯಗಳಲ್ಲಿಯೂ ಹಳೆಯ ಫಾಂಟುಗಳ ಬಳಕೆ ಇನ್ನೂ ನಿಂತಿಲ್ಲವಾದ್ದರಿಂದ ಈ ತೊಡಕು ನಮಗೆ ಪದೇ ಪದೇ ಎದುರಾಗುತ್ತದೆ. 'ನುಡಿಯಿಂದ ಯುನಿಕೋಡ್' ಎಂದು ಹುಡುಕಿದರೆ ಪಠ್ಯವನ್ನು ಪರಿವರ್ತಿಸಿಕೊಡುವ ಉಚಿತ ಪುಟಗಳು ದೊರೆಯುತ್ತವೆ: ಒಂದು ಪೆಟ್ಟಿಗೆಯಲ್ಲಿ ಹಳೆಯ ಪಠ್ಯವನ್ನು ಅಂಟಿಸಿ ಗುಂಡಿ ಒತ್ತಿದರೆ ಇನ್ನೊಂದು ಪೆಟ್ಟಿಗೆಯಲ್ಲಿ ಯುನಿಕೋಡ್ ಕನ್ನಡ ಬರುತ್ತದೆ. ಒತ್ತಕ್ಷರಗಳು ಮತ್ತು ಅರ್ಕಾವೊತ್ತು ಇರುವ ಪದಗಳನ್ನು ಮಾತ್ರ ಮೂಲದೊಡನೆ ಒಮ್ಮೆ ಹೋಲಿಸಿ ನೋಡಬೇಕು, ಏಕೆಂದರೆ ಪರಿವರ್ತನೆ ಎಡವುವುದು ಹೆಚ್ಚಾಗಿ ಅಲ್ಲಿಯೇ.

ಸ್ಕ್ಯಾನ್ ಮಾಡಿದ ಕಡತಕ್ಕೆ ಬೇರೆ ದಾರಿಯಿದೆ. ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ, ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಇದರೊಂದಿಗೆ ತೆರೆಯಿರಿ' ಎಂಬಲ್ಲಿ ಗೂಗಲ್ ಡಾಕ್ಸ್ ಆರಿಸಿದರೆ ಚಿತ್ರದಲ್ಲಿರುವ ಕನ್ನಡವನ್ನು ಅದು ಗುರುತಿಸಿ ತಿದ್ದಬಹುದಾದ ಪಠ್ಯವನ್ನಾಗಿ ಮಾಡಿಕೊಡುತ್ತದೆ. ಕಡತ ದೊಡ್ಡದಿದ್ದರೆ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಬೇಕಾದ ಪುಟಗಳನ್ನಷ್ಟೇ ಬೇರ್ಪಡಿಸಿ ಹಾಕುವುದು ಉತ್ತಮ. ಬೇರ್ಪಡಿಸಲು ಕಡತವನ್ನು ಬ್ರೌಸರಿನಲ್ಲಿ ತೆರೆದು, ಕಂಟ್ರೋಲ್ ಮತ್ತು ಪಿ ಒತ್ತಿ, ಪುಟಗಳ ಸಂಖ್ಯೆ ಕೊಟ್ಟು, ಪ್ರಿಂಟರಿನ ಜಾಗದಲ್ಲಿ 'ಪಿಡಿಎಫ್ ಆಗಿ ಉಳಿಸಿ' ಎಂಬುದನ್ನು ಆರಿಸಿದರೆ ಸಾಕು. ಕೋಷ್ಟಕಗಳು ಈ ಪರಿವರ್ತನೆಯಲ್ಲಿ ಚದುರಿಹೋಗುತ್ತವೆ. ಹುದ್ದೆಗಳ ಸಂಖ್ಯೆ, ಕೊನೆಯ ದಿನಾಂಕ, ಶುಲ್ಕದ ಮೊತ್ತ ಮುಂತಾದ ಅಂಕಿಗಳನ್ನು ಮೂಲ ಪ್ರತಿಯಲ್ಲಿಯೇ ಓದಿ ಖಚಿತಪಡಿಸಿಕೊಳ್ಳಬೇಕು.

ಕನ್ನಡದಲ್ಲಿ ಬರೆಯುವುದು

ಕನ್ನಡದಲ್ಲಿ ಹುಡುಕಲು ಕನ್ನಡದಲ್ಲಿ ಬರೆಯಲು ಬರಬೇಕು. 2019ರಿಂದೀಚೆಗೆ ವಿಂಡೋಸ್‌ನಲ್ಲಿಯೇ ಕನ್ನಡದ ಫೊನೆಟಿಕ್ ಕೀಲಿಮಣೆ ಸೇರಿದೆ. ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಕನ್ನಡವನ್ನು ಸೇರಿಸಿ, ಅದರ ಆಯ್ಕೆಗಳಲ್ಲಿ 'ಕನ್ನಡ ಫೊನೆಟಿಕ್' ಎಂಬುದನ್ನು ಜೋಡಿಸಿಕೊಂಡರೆ ಉಚ್ಚಾರಕ್ಕೆ ತಕ್ಕಂತೆ ಇಂಗ್ಲಿಷ್ ಕೀಲಿಗಳನ್ನು ಒತ್ತುತ್ತ ಕನ್ನಡವನ್ನು ಬರೆಯಬಹುದು. ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿದರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಬಹುದು. ಬೆರಳಚ್ಚು ಕಷ್ಟವೆನ್ನುವ ಹಿರಿಯರಿಗೆ ಮೊಬೈಲಿನ ಜಿಬೋರ್ಡ್ ಕೀಲಿಮಣೆಯ ಮೈಕ್ ಚಿಹ್ನೆಯನ್ನು ತೋರಿಸಿಕೊಡಿರಿ. ಗೂಗಲ್ ತನ್ನ ಧ್ವನಿ ಹುಡುಕಾಟಕ್ಕೆ ಕನ್ನಡವನ್ನು ಸೇರಿಸಿದ್ದು 2017ರಲ್ಲಿ. ನಮ್ಮ ಕಡೆಯ ಆಡುಮಾತನ್ನು ಅದು ಕೆಲವೊಮ್ಮೆ ತಪ್ಪಾಗಿ ಕೇಳಿಸಿಕೊಳ್ಳುತ್ತದೆ. 'ಹೋಗ್ಯಾನ' ಎನ್ನುವ ಬದಲು 'ಹೋಗಿದ್ದಾನೆ' ಎಂದು ಬಿಡಿಸಿ ಹೇಳಿದರೆ ಸರಿಯಾಗಿ ಬರೆಯುತ್ತದೆ.

ಓದುವುದು ಕಷ್ಟವಾದವರಿಗೆ ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್ ಬಹಳ ಉಪಕಾರಿ. ಕನ್ನಡದ ಪುಟವನ್ನು ತೆರೆದು ಕಂಟ್ರೋಲ್, ಶಿಫ್ಟ್ ಮತ್ತು ಯು ಒತ್ತಿದರೆ ಪುಟವನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಅದರಲ್ಲಿ ಕನ್ನಡದ ಒಂದು ಗಂಡು ಧ್ವನಿ ಮತ್ತು ಒಂದು ಹೆಣ್ಣು ಧ್ವನಿ ಇವೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಮನೆಯಲ್ಲಿದ್ದ ನನ್ನ ದೊಡ್ಡಪ್ಪನವರಿಗೆ ಇದನ್ನು ಹೊಂದಿಸಿಕೊಟ್ಟ ದಿನದಿಂದ ಅವರು ಪತ್ರಿಕೆಯ ಸುದ್ದಿಗಾಗಿ ಯಾರನ್ನೂ ಕಾಯಲಿಲ್ಲ.

ಗೂಗಲ್‌ನಲ್ಲಿ ನಿಖರವಾಗಿ ಕೇಳುವುದು

ನಮ್ಮ ಕಡೆ ಚಿಗರಿ ಎಂದರೆ ಜಿಂಕೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿಗೂ ಅದೇ ಹೆಸರು. ರಾಣೆಬೆನ್ನೂರಿನ ಕೃಷ್ಣಮೃಗಗಳ ಕುರಿತು ಶಾಲೆಯ ಯೋಜನೆಗೆ ವಿಷಯ ಹುಡುಕುವ ಮಗುವಿಗೆ 'ಚಿಗರಿ' ಎಂದು ಬರೆದ ಕೂಡಲೇ ಬಸ್ಸಿನ ಸುದ್ದಿಗಳು ಬಂದರೆ ಪ್ರಯೋಜನವಿಲ್ಲ. ಬೇಡದ ಪದದ ಹಿಂದೆ ಅಂತರ ಬಿಡದೆ ಕಳೆಯುವ ಚಿಹ್ನೆ ಹಾಕಿ 'ಚಿಗರಿ -ಬಸ್' ಎಂದು ಬರೆದರೆ ಬಸ್ ಎಂಬ ಪದವಿರುವ ಪುಟಗಳನ್ನು ಗೂಗಲ್ ಬದಿಗಿಡುತ್ತದೆ. ಪದಗಳು ಇದ್ದ ಕ್ರಮದಲ್ಲಿಯೇ ಬೇಕೆಂದರೆ ಅವನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಡಬೇಕು.

ಇವೆರಡಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದೇ ಜಾಲತಾಣದೊಳಗೆ ಹುಡುಕುವ ವಿಧಾನ. ಇಂಗ್ಲಿಷ್ ಅಕ್ಷರಗಳಲ್ಲಿ 'ಸೈಟ್' ಎಂದು ಬರೆದು, ಅಂತರ ಬಿಡದೆ ಕೋಲನ್ ಚಿಹ್ನೆ ಹಾಕಿ, ಮುಂದೆ ಜಾಲತಾಣದ ವಿಳಾಸವನ್ನೂ ಅದರ ಮುಂದೆ ಬೇಕಾದ ಪದವನ್ನೂ ಬರೆಯಬೇಕು. ಹಾವೇರಿ, ಗದಗ, ಧಾರವಾಡ ಈ ಮೂರೂ ಜಿಲ್ಲೆಗಳಿಗೆ ಜಿಲ್ಲೆಯ ಹೆಸರಿನ ಮುಂದೆ 'ಡಾಟ್ ಎನ್‌ಐಸಿ ಡಾಟ್ ಇನ್' ಇರುವ ಅಧಿಕೃತ ತಾಣಗಳಿವೆ. ಆ ವಿಳಾಸವನ್ನು ಕೊಟ್ಟು ಮುಂದೆ 'ಅಧಿಸೂಚನೆ' ಅಥವಾ 'ನೇಮಕಾತಿ' ಎಂದು ಬರೆದರೆ ಜಿಲ್ಲಾಡಳಿತದ ತಾಣದಲ್ಲಿರುವ ಪುಟಗಳು ಮಾತ್ರ ಬರುತ್ತವೆ. ಜಾಹೀರಾತು ತುಂಬಿದ ಉದ್ಯೋಗ ಸುದ್ದಿಯ ತಾಣಗಳು ನಡುವೆ ನುಸುಳುವುದಿಲ್ಲ. ಇದೇ ರೀತಿ 'ಫೈಲ್‌ಟೈಪ್' ಎಂದು ಬರೆದು ಕೋಲನ್ ಹಾಕಿ 'ಪಿಡಿಎಫ್' ಎಂದು ಸೇರಿಸಿದರೆ ಪಿಡಿಎಫ್ ಕಡತಗಳಷ್ಟೇ ದೊರೆಯುತ್ತವೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹುಡುಕುವವರಿಗೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ.

ಒಂದೇ ತಾಣದಲ್ಲಿ ದಿನವೂ ಹುಡುಕುವವರು ಅದಕ್ಕೊಂದು ಒಳದಾರಿ ಮಾಡಿಕೊಳ್ಳಬಹುದು. ಕನ್ನಡ ವಿಕಿಪೀಡಿಯದ ಉದಾಹರಣೆಯಿಂದ ವಿವರಿಸುತ್ತೇನೆ. ಅದರ ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳ ಯಾವುದಾದರೊಂದು ಪದವನ್ನು ಹುಡುಕಿರಿ. ಕನ್ನಡದ ಪದವನ್ನು ಹುಡುಕಿದರೆ ನಕಲು ಮಾಡಿದ ವಿಳಾಸದಲ್ಲಿ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿಬಿಡುತ್ತದೆ. ಫಲಿತಾಂಶದ ಪುಟದ ವಿಳಾಸವನ್ನು ನಕಲು ಮಾಡಿಕೊಂಡು, ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಇಂಜಿನ್ ವಿಭಾಗಕ್ಕೆ ಹೋಗಿ, ತಾಣದ ಹುಡುಕಾಟವನ್ನು ಸೇರಿಸುವ ಜಾಗದಲ್ಲಿ ಅಂಟಿಸಿ, ನೀವು ಹುಡುಕಿದ ಪದವಿದ್ದ ಕಡೆ ಶೇಕಡಾ ಚಿಹ್ನೆ ಮತ್ತು ಇಂಗ್ಲಿಷಿನ ಸಣ್ಣ ಎಸ್ ಅಕ್ಷರವನ್ನು ಇಡಿರಿ. ಅದಕ್ಕೆ ಒಂದಕ್ಷರದ ಅಡ್ಡಹೆಸರನ್ನು ಕೊಟ್ಟು ಉಳಿಸಿರಿ. ಅಲ್ಲಿಂದ ಮುಂದೆ ಬ್ರೌಸರಿನ ಮೇಲ್ಗಡೆಯ ವಿಳಾಸಪಟ್ಟಿಯಲ್ಲಿ ಆ ಅಕ್ಷರ ಬರೆದು, ಟ್ಯಾಬ್ ಒತ್ತಿ, ಪದ ಬರೆದರೆ ನೇರವಾಗಿ ವಿಕಿಪೀಡಿಯದ ಫಲಿತಾಂಶ ತೆರೆಯುತ್ತದೆ. ವಿಳಾಸಪಟ್ಟಿಗೆ ಹೋಗಲು ಮೌಸ್ ಕೂಡ ಬೇಡ, ಕಂಟ್ರೋಲ್ ಮತ್ತು ಎಲ್ ಒತ್ತಿದರಾಯಿತು. ನಾನು ಹೀಗೆಯೇ 'ಅಲರ್' ಎಂಬ ಕನ್ನಡ-ಇಂಗ್ಲಿಷ್ ನಿಘಂಟಿನ ತಾಣಕ್ಕೂ ಒಂದು ಅಕ್ಷರವನ್ನು ಇಟ್ಟುಕೊಂಡಿದ್ದೇನೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ, ಒಂದೂವರೆ ಲಕ್ಷದಷ್ಟು ಪದಗಳಿರುವ ಈ ನಿಘಂಟು 2019ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಭಾಷಾಂತರ ಮಾಡುವವರು, ಕನ್ನಡ ಐಚ್ಛಿಕ ವಿಷಯ ತೆಗೆದುಕೊಂಡವರು ಇದನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಲೇಬೇಕು.

ಕಂಡದ್ದನ್ನು ಉಳಿಸಿಕೊಳ್ಳುವುದು

ಒಮ್ಮೆ ಒಂದು ಅರ್ಜಿಗೆ ಶುಲ್ಕ ಕಟ್ಟಿದ ಮೇಲೆ ಸ್ವೀಕೃತಿಯ ಪುಟವನ್ನು ಉಳಿಸದೆ ಮುಚ್ಚಿಬಿಟ್ಟಿದ್ದೆ; ಹಣ ಹೋಗಿತ್ತು, ಅರ್ಜಿಯ ಸಂಖ್ಯೆ ನನ್ನ ಬಳಿ ಇರಲಿಲ್ಲ, ಅದನ್ನು ಮರಳಿ ಪಡೆಯಲು ಮೂರು ವಾರ ಓಡಾಡಬೇಕಾಯಿತು. ಅಂದಿನಿಂದ ಸ್ವೀಕೃತಿಯ ಪುಟ ಕಂಡ ಕೂಡಲೇ ಕಂಟ್ರೋಲ್ ಮತ್ತು ಪಿ ಒತ್ತಿ ಪಿಡಿಎಫ್ ಆಗಿ ಉಳಿಸುತ್ತೇನೆ. ಆ ಕಿಟಕಿಯ ಹೆಚ್ಚಿನ ಸೆಟ್ಟಿಂಗ್‌ಗಳಲ್ಲಿ ಪುಟದ ಮೇಲಿನ ಮತ್ತು ಕೆಳಗಿನ ಬರಹಗಳನ್ನು ಸೇರಿಸುವ ಆಯ್ಕೆಯಿದೆ. ಅದಕ್ಕೆ ಗುರುತು ಹಾಕಿದರೆ ಉಳಿಸಿದ ದಿನಾಂಕ, ವೇಳೆ ಮತ್ತು ಜಾಲತಾಣದ ವಿಳಾಸ ಪ್ರತಿ ಪುಟದ ಅಂಚಿನಲ್ಲಿ ಮುದ್ರಿತವಾಗುತ್ತವೆ. ಮುಂದೆ ಕಚೇರಿಗೆ ದೂರು ಕೊಡುವ ಪ್ರಸಂಗ ಬಂದರೆ ಬರಿಯ ಸ್ಕ್ರೀನ್‌ಶಾಟ್‌ಗಿಂತ ಇಂಥ ಪ್ರತಿ ಹೆಚ್ಚು ನೆರವಾಗುತ್ತದೆ.

ತಪ್ಪಿ ಮುಚ್ಚಿದ ಟ್ಯಾಬನ್ನು ಕಂಟ್ರೋಲ್, ಶಿಫ್ಟ್ ಮತ್ತು ಟಿ ಒತ್ತಿ ಮತ್ತೆ ತೆರೆಯಬಹುದು, ಆದರೆ ಹಣ ಪಾವತಿಯ ಪುಟಗಳು ಹಾಗೆ ತೆರೆದಾಗ ಹಳೆಯ ವಿವರವನ್ನು ತೋರಿಸುತ್ತವೆಂಬ ಭರವಸೆಯಿಲ್ಲ. ಜಾಲತಾಣದಿಂದ ತೆಗೆದುಹಾಕಿದ ಹಳೆಯ ಪ್ರಕಟಣೆ ಬೇಕಾದರೆ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನ್‌ನಲ್ಲಿ ಆ ಪುಟದ ವಿಳಾಸವನ್ನು ಹಾಕಿ ನೋಡಬೇಕು. 2001ರಿಂದ ಸಾರ್ವಜನಿಕರಿಗೆ ತೆರೆದಿರುವ ಈ ತಾಣ ಜಾಲಪುಟಗಳ ಹಳೆಯ ಪ್ರತಿಗಳನ್ನು ದಿನಾಂಕದ ಪ್ರಕಾರ ಕಾಯ್ದಿಡುತ್ತದೆ. ಇಂದಿನ ಪುಟ ನಾಳೆ ಬದಲಾಗಬಹುದೆಂಬ ಸಂದೇಹವಿದ್ದರೆ 'ಈಗ ಉಳಿಸಿ' ಎಂಬ ಪೆಟ್ಟಿಗೆಯಲ್ಲಿ ವಿಳಾಸ ಕೊಟ್ಟು ನಾವೇ ಒಂದು ಪ್ರತಿಯನ್ನು ಸೇರಿಸಬಹುದು.

ದಿನವೂ ನೋಡುವ ಪುಟವನ್ನು ಮೊಬೈಲಿನ ಮುಖಪುಟಕ್ಕೇ ತಂದಿಟ್ಟುಕೊಳ್ಳಬಹುದು. ಬ್ಯಾಡಗಿಯ ಹತ್ತಿರ ಮೆಣಸಿನಕಾಯಿ ಬೆಳೆಯುವ ನಮ್ಮ ಸೋದರಮಾವನಿಗೆ ಕೇಂದ್ರ ಸರ್ಕಾರದ ಆಗ್‌ಮಾರ್ಕ್‌ನೆಟ್ ತಾಣದಲ್ಲಿ ದರ ನೋಡುವುದನ್ನು ಕಲಿಸಿ, ಕ್ರೋಮ್‌ನ ಮೂರು ಚುಕ್ಕೆಯ ಮೆನುವಿನಲ್ಲಿ 'ಹೋಮ್ ಸ್ಕ್ರೀನ್‌ಗೆ ಸೇರಿಸಿ' ಎಂಬುದನ್ನು ಒತ್ತಿ ಅದನ್ನು ಆ್ಯಪ್‌ನಂತೆ ಇಟ್ಟುಕೊಟ್ಟೆ. ಅಲ್ಲಿ ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ ಮತ್ತು ಮೋಡಲ್ ಎಂಬ ಮೂರು ದರಗಳು ಇರುತ್ತವೆ. ಗರಿಷ್ಠ ದರ ಒಂದೆರಡು ಉತ್ತಮ ಚೀಲಗಳಿಗಷ್ಟೇ ಸಿಕ್ಕಿರಬಹುದು; ಹೆಚ್ಚು ಮಾಲು ಮಾರಾಟವಾದ ದರವನ್ನು ಹೇಳುವುದು ಮೋಡಲ್. ಕಡ್ಡಿ, ಡಬ್ಬಿ, ಗುಂಟೂರು ತಳಿಗಳ ದರಗಳಲ್ಲಿ ಬಹಳ ಅಂತರವಿರುವುದರಿಂದ ಯಾವ ತಳಿಯ ಸಾಲನ್ನು ಓದುತ್ತಿದ್ದೇವೆ ಎಂಬುದನ್ನೂ ಗಮನಿಸಬೇಕು.

ಉತಾರ ನೋಡುವುದಕ್ಕೂ ಯಾರ ಹಂಗೂ ಬೇಡ. ಕಂದಾಯ ಇಲಾಖೆಯ ಭೂಮಿ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಮತ್ತು ಹಿಸ್ಸಾ ಆರಿಸಿದರೆ ಪಹಣಿಯನ್ನು ಉಚಿತವಾಗಿ ನೋಡಬಹುದು. ಬ್ಯಾಂಕಿಗೋ ಕಚೇರಿಗೋ ಕೊಡುವ ಅಧಿಕೃತ ಪ್ರತಿಗೆ ಮಾತ್ರ ಶುಲ್ಕವಿದೆ. ಹಳೆಯ ಪಹಣಿಯ ಫೋಟೊ ಮೊಬೈಲಿನಲ್ಲಿದ್ದರೆ ಹಿಸ್ಸಾ ನಂಬರಿಗಾಗಿ ತಡಕಾಡುವುದು ತಪ್ಪುತ್ತದೆ.

ಅರ್ಜಿ ತುಂಬುವಾಗ

ಫೋಟೊ 50 ಕೆಬಿ ಒಳಗಿರಬೇಕು, ಸಹಿ 20 ಕೆಬಿ ಒಳಗಿರಬೇಕು ಎಂಬಂಥ ನಿಯಮಗಳು ಅರ್ಜಿದಾರರನ್ನು ನೆಟ್ ಸೆಂಟರಿಗೆ ಕಳಿಸುತ್ತವೆ. ಮೊಬೈಲಿನ ಫೋಟೊ ಮೂರು ನಾಲ್ಕು ಎಂಬಿ ಇರುತ್ತದೆ. ಸ್ಕೂಶ್ ಎಂಬ ಉಚಿತ ತಾಣ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಅದಕ್ಕಿಂತ ಮುಖ್ಯವಾಗಿ ಚಿತ್ರವನ್ನು ಬೇರೆ ಕಂಪ್ಯೂಟರಿಗೆ ಕಳಿಸದೆ ನಮ್ಮ ಬ್ರೌಸರಿನೊಳಗೇ ಕುಗ್ಗಿಸುತ್ತದೆ. ಬಹಳಷ್ಟು ಜನ ಗುಣಮಟ್ಟದ ಪಟ್ಟಿಯನ್ನೇ ಎಳೆಯುತ್ತ ಹೋಗಿ ಮುಖವನ್ನು ಗುರುತು ಸಿಗದಂತೆ ಮಾಡಿಕೊಳ್ಳುತ್ತಾರೆ. ಮೊದಲು ಅಳತೆಯನ್ನು ಕಡಿಮೆ ಮಾಡಬೇಕು. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ 1.2 ಕೋಟಿ ಚುಕ್ಕೆಗಳಿರುತ್ತವೆ. ಅಗಲ ಎತ್ತರ ಎರಡನ್ನೂ ಅರ್ಧ ಮಾಡಿದರೆ ಚುಕ್ಕೆಗಳು ಕಾಲುಭಾಗಕ್ಕೆ ಇಳಿಯುತ್ತವೆ. ಮುಖದ ಸುತ್ತಲಿನ ಭಾಗವನ್ನು ಮೊಬೈಲಿನಲ್ಲೇ ಕತ್ತರಿಸಿಕೊಂಡು, ಸ್ಕೂಶ್‌ನಲ್ಲಿ ಅಗಲವನ್ನು 400ರ ಆಸುಪಾಸಿಗೆ ತಂದು, ಆಮೇಲೆ ಗುಣಮಟ್ಟವನ್ನು ಸ್ವಲ್ಪ ಇಳಿಸಿದರೆ ಸ್ಪಷ್ಟವಾದ ಫೋಟೊ ಮಿತಿಯೊಳಗೆ ಬರುತ್ತದೆ. ಕುಗ್ಗಿದ ಗಾತ್ರ ಎಷ್ಟೆಂದು ಪರದೆಯ ಕೆಳಗೇ ಕಾಣಿಸುತ್ತಿರುತ್ತದೆ.

ಹೆಸರು, ವಿಳಾಸ, ನೋಂದಣಿ ಸಂಖ್ಯೆಗಳನ್ನು ಮತ್ತೆ ಮತ್ತೆ ಅಂಟಿಸಬೇಕಾದಾಗ ವಿಂಡೋಸ್ ಕೀಲಿಯೊಡನೆ ವಿ ಒತ್ತಿರಿ. ಮೊದಲ ಸಲ ಅದು ಅನುಮತಿ ಕೇಳುತ್ತದೆ. ಆಮೇಲೆ ನಕಲು ಮಾಡಿದ ಕೊನೆಯ 25 ತುಣುಕುಗಳವರೆಗೆ ನೆನಪಿಟ್ಟುಕೊಂಡು ಬೇಕಾದುದನ್ನು ಆರಿಸಲು ಕೊಡುತ್ತದೆ. ಇ-ಆಧಾರ್ ಕಡತ ತೆರೆಯಲು ಕೇಳುವ ಪಾಸ್‌ವರ್ಡ್ ಎಂದರೆ ಆಧಾರ್‌ನಲ್ಲಿರುವ ಇಂಗ್ಲಿಷ್ ಹೆಸರಿನ ಮೊದಲ ನಾಲ್ಕು ದೊಡ್ಡ ಅಕ್ಷರಗಳು ಮತ್ತು ಹುಟ್ಟಿದ ವರ್ಷ. ಎಲ್ಲೆಂದರಲ್ಲಿ ಪೂರ್ಣ ಆಧಾರ್ ಪ್ರತಿ ಕೊಡುವ ಬದಲು ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಪ್ರತಿಯನ್ನು ಇಳಿಸಿಕೊಳ್ಳುವ ಅವಕಾಶ ಇ-ಆಧಾರ್ ಸಿಗುವ ತಾಣದಲ್ಲಿಯೇ ಇದೆ.

ಯೂಟ್ಯೂಬ್‌ನಲ್ಲಿ ಪಾಠ ಕೇಳುವವರಿಗೆ ಒಂದು ಮಾತು: ಜೆ ಒತ್ತಿದರೆ ಹತ್ತು ಸೆಕೆಂಡ್ ಹಿಂದಕ್ಕೆ, ಎಲ್ ಒತ್ತಿದರೆ ಹತ್ತು ಸೆಕೆಂಡ್ ಮುಂದಕ್ಕೆ ಹೋಗುತ್ತದೆ, ಕೆ ಒತ್ತಿದರೆ ನಿಲ್ಲುತ್ತದೆ. ಟಿಪ್ಪಣಿ ಬರೆದುಕೊಳ್ಳುವಾಗ ಈ ಮೂರೇ ಸಾಕು.

ವಿಳಾಸ ಓದುವುದು ಮತ್ತು ಬೇರೆಯವರ ಕಂಪ್ಯೂಟರ್

ಲಿಂಕ್ ನಂಬಬಹುದೇ ಎಂದು ತಿಳಿಯಲು ವಿಳಾಸವನ್ನು ಎಡದಿಂದಲ್ಲ, ಬಲದಿಂದ ಓದಬೇಕು. ಆರಂಭದ ಜೋಡಿ ಗೆರೆಗಳನ್ನು ದಾಟಿ ಮುಂದೆ ಬರುವ ಮೊದಲ ಒಂಟಿ ಓರೆಗೆರೆಯನ್ನು ಹುಡುಕಿ, ಅದರ ಎಡಕ್ಕೆ ಅಂಟಿಕೊಂಡಿರುವ ಭಾಗವನ್ನು ನೋಡಿರಿ. ಸೇವಾ ಸಿಂಧುವಿನ ನಿಜವಾದ ವಿಳಾಸದಲ್ಲಿ ಆ ಜಾಗದಲ್ಲಿ 'ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್' ಇರುತ್ತದೆ. 'ಸೇವಾಸಿಂಧು' ಎಂದು ಆರಂಭವಾಗಿ ಕೊನೆಗೆ ಬೇರೇನೋ ಹೆಸರು ಮತ್ತು 'ಡಾಟ್ ಕಾಮ್' ಬಂದರೆ ಅದು ಸರ್ಕಾರದ್ದಲ್ಲ, ಏಕೆಂದರೆ ಮೊದಲ ಭಾಗವನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಬರೆದುಕೊಳ್ಳಬಹುದು, 'ಜಿಒವಿ ಡಾಟ್ ಇನ್' ಎಂಬ ಕೊನೆ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಇಂದು ರಾತ್ರಿ ಕರೆಂಟ್ ಕಡಿತವಾಗುತ್ತದೆ ಎಂದು ಹೆದರಿಸುವ ಸಂದೇಶದ ಲಿಂಕನ್ನು ಹೀಗೆ ಓದಿದರೆ ಅರ್ಧ ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ಸಾಗುವ ಮುನ್ನ ತಡೆಯಲು ಸಿಗುವುದು ಅಲ್ಪ ಸಮಯ ಮಾತ್ರ.

ನೆಟ್ ಸೆಂಟರಿನಲ್ಲಿ ಅಥವಾ ಗೆಳೆಯರ ಕೋಣೆಯಲ್ಲಿ ಕುಳಿತಾಗ ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎನ್ ಒತ್ತಿ ಅಜ್ಞಾತ ಕಿಟಕಿಯನ್ನು ತೆರೆದುಕೊಂಡೇ ಕೆಲಸ ಆರಂಭಿಸಿರಿ. ಕೆಲಸ ಮುಗಿದ ಮೇಲೆ ಅಂಥ ಎಲ್ಲ ಕಿಟಕಿಗಳನ್ನೂ ಮುಚ್ಚಿದರೆ ಲಾಗಿನ್ ವಿವರಗಳು ಅಲ್ಲಿ ಉಳಿಯುವುದಿಲ್ಲ, ಆದರೆ ಇಳಿಸಿಕೊಂಡ ಕಡತಗಳು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹಾಗೆಯೇ ಇರುತ್ತವೆ. ಅವನ್ನು ಆಯ್ದು ಶಿಫ್ಟ್ ಮತ್ತು ಡಿಲೀಟ್ ಒತ್ತಿದರೆ ರೀಸೈಕಲ್ ಬಿನ್‌ಗೂ ಹೋಗದೆ ಅಳಿಯುತ್ತವೆ. ವಾಟ್ಸ್‌ಆ್ಯಪ್ ವೆಬ್ ಬಳಸಿದ್ದರೆ ಅಂಗಡಿಯ ಮೆಟ್ಟಿಲಿಳಿಯುವ ಮುನ್ನ ಮೊಬೈಲಿನಲ್ಲಿ 'ಲಿಂಕ್ ಮಾಡಿದ ಸಾಧನಗಳು' ಎಂಬುದನ್ನು ತೆರೆದು, ಆ ಕಂಪ್ಯೂಟರಿನ ಹೆಸರನ್ನು ಒತ್ತಿ ಲಾಗ್ ಔಟ್ ಮಾಡಿರಿ. ಮರೆತು ಮನೆಗೆ ಬಂದಿದ್ದರೂ ಅದೇ ಜಾಗದಿಂದ ಲಾಗ್ ಔಟ್ ಮಾಡಬಹುದು.